ಸಿಮ್ ಕೊಟ್ಟು ಬಂದವರು

ತಮ್ಮಾ, ಆಸ್ಟ್ರೇಲಿಯಾದ ಬ್ರಿಸ್ಬೇನ್‌ಗೆ ಬರ್ತಿದ್ದೀಯ ಅಂತ ತಿಳಿದು ಖುಷಿಯಾಯಿತು. ಅಲ್ಲಿ ಭಯೋತ್ಪಾದನೆ ತಡೆಯೋ ಕಾನೂನು ಬಹಳ ಬಿಗಿಯಂತೆ, ಜನ ಹೇಗೆ ಒಪ್ಪಿಕೊಂಡರು ಅಂತ ಕೇಳಿದ್ದೀಯ. ನಾನೀಗ ರಜೆಗೆ ಮಂಡ್ಯಕ್ಕೆ ಬಂದಿದ್ದೇನೆ. ಬೆಳಗ್ಗೆ ಜಗಲಿ ಮೇಲೆ ಕೂತು ನಿನ್ನ ಪ್ರಶ್ನೆಯನ್ನು ಅಪ್ಪನಿಗೆ ಓದಿದೆ. ಪೇಪರ್‌ನಿಂದ ತಲೆ ಎತ್ತದೆ, "ತಪ್ಪು ಮಾಡದವನಿಗೆ ಏನ್ಲಾ ಭಯ?" ಅಂದರು. ಅಲ್ಲಿ ನನಗೆ ಸಿಕ್ಕವರೂ ಹೆಚ್ಚಾಗಿ ಹೇಳೋದು ಇದನ್ನೇ.

ಅದು ಸುಮ್ನೆ ಬಂದ ಮಾತಲ್ಲ. 2002ರಲ್ಲಿ ಬಾಲಿಯಲ್ಲಿ ಬಾಂಬ್ ಸಿಡಿದು 202 ಜನ ಸತ್ತರು. ಅವರಲ್ಲಿ 88 ಮಂದಿ ಆಸ್ಟ್ರೇಲಿಯಾದವರು. ಆಮೇಲೆ ಒಂದರ ಹಿಂದೆ ಒಂದು ಕಾನೂನು ಬಂತು. ನೀನು ಯಾರಿಗೆ, ಯಾವಾಗ ಫೋನ್ ಮಾಡಿದೆ ಅನ್ನೋ ಲೆಕ್ಕವನ್ನು ಕಂಪನಿಗಳು 2 ವರ್ಷ ಇಟ್ಟುಕೊಳ್ಳಬೇಕು ಅಂತ 2015ರಲ್ಲಿ ಇನ್ನೊಂದು ಬಂತು.

ನಾನೂ ಮೊದಲು ಒಪ್ಪಿದ್ದವನೇ. 2007ರ ಜುಲೈವರೆಗೆ.

ನಮ್ಮ ಕರ್ನಾಟಕದ ಡಾಕ್ಟರ್ ಮೊಹಮ್ಮದ್ ಹನೀಫ್ ಆಗ ಬ್ರಿಸ್ಬೇನ್ ಹತ್ತಿರದ ಗೋಲ್ಡ್ ಕೋಸ್ಟ್‌ನಲ್ಲಿ ಕೆಲಸಕ್ಕಿದ್ದರು. ಬೆಂಗಳೂರಿನಲ್ಲಿ ಹುಟ್ಟಿದ ಮಗಳನ್ನು ನೋಡೋಕೆ ಹೊರಟವರನ್ನು ಬ್ರಿಸ್ಬೇನ್ ಏರ್‌ಪೋರ್ಟ್‌ನಲ್ಲಿ ಹಿಡಿದರು. ಇಂಗ್ಲೆಂಡ್ ಬಿಡುವಾಗ ತಮ್ಮ ಸಿಮ್ಮನ್ನು ಸಂಬಂಧಿಕನೊಬ್ಬನಿಗೆ ಕೊಟ್ಟು ಬಂದಿದ್ದರು. ಆ ಸಂಬಂಧಿಕನ ಅಣ್ಣ, ಸ್ಕಾಟ್ಲೆಂಡಿನ ಗ್ಲಾಸ್ಗೋ ಏರ್‌ಪೋರ್ಟ್‌ಗೆ ಜೀಪ್ ನುಗ್ಗಿಸಿದ ದಾಳಿಯಲ್ಲಿದ್ದ. ಆರೋಪ ಹೊರಿಸದೇ 12 ದಿನ ಕೂಡಿಹಾಕಿದರು. ವಿಚಾರಣೆಗೆ 24 ಗಂಟೆ ಅಂತ ಮಿತಿ ಇತ್ತು, ಆದರೆ ಪ್ರಶ್ನೆ ಕೇಳದೆ ನಡುವೆ ಕಳೆದ ಹೊತ್ತು ಲೆಕ್ಕಕ್ಕೇ ಬರುತ್ತಿರಲಿಲ್ಲ. ಸಿಮ್ ದಾಳಿಯ ಜೀಪಿನಲ್ಲಿ ಸಿಕ್ಕಿತು ಅಂತ ಕೋರ್ಟಿಗೆ ಹೇಳಿದರು. ಅದು ಸಿಕ್ಕಿದ್ದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ, ಆ ಸಂಬಂಧಿಕನ ಹತ್ತಿರ! ಆ ತಿಂಗಳೇ ಕೇಸು ಬಿದ್ದುಹೋಯಿತು.

ಅದೇ ವರ್ಷ ಸಿಡ್ನಿ ಬಿಡುವಾಗ ನಾನೂ ನನ್ನ ಸಿಮ್ಮನ್ನು ಪಕ್ಕದ ರೂಮಿನ ಹುಡುಗನಿಗೆ ಕೊಟ್ಟಿದ್ದೆ. 15 ಡಾಲರ್ ಬ್ಯಾಲೆನ್ಸ್ ಇತ್ತು, ಹಾಳಾಗೋದು ಯಾಕೆ ಅಂತ. ಟಿವಿ ಮುಂದೆ ಕೂತು ಅವನ ಪೂರ್ತಿ ಹೆಸರು ನೆನಪು ಮಾಡಿಕೊಳ್ಳೋಕೆ ನೋಡಿದೆ. ಬರಲಿಲ್ಲ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಅಲ್ಲಿನ ಜನ ಆಗ ಸುಮ್ಮನಿರಲಿಲ್ಲ, ಅದನ್ನೂ ಹೇಳಬೇಕು. ಪೇಪರ್‌ನವರು, ವಕೀಲರು ಪೊಲೀಸರ, ಸರ್ಕಾರದ ಬೆನ್ನುಬಿದ್ದರು. ಸರ್ಕಾರ ನೇಮಿಸಿದ ತನಿಖೆಯೇ 2008ರಲ್ಲಿ ಹನೀಫ್ ನಿರ್ದೋಷಿ ಅಂದಿತು. ಲೆಕ್ಕಕ್ಕೆ ಬಾರದ ಆ ಹೊತ್ತಿಗೆ 2010ರಲ್ಲಿ 7 ದಿನದ ಮಿತಿ ಹಾಕಿದರು. ನನಗೆ 7 ದಿನವೂ ಜಾಸ್ತಿಯೇ.

ಇದನ್ನೆಲ್ಲ ಅಪ್ಪನಿಗೂ ಹೇಳಿದೆ. ಪೇಪರ್ ಮಡಚಿಟ್ಟು, "ಆ ಮಗಿಗೆ ಎಷ್ಟು ದಿನ ಆಗಿತ್ತು?" ಅಂತ ಕೇಳಿದರು. ಒಂದು ವಾರ ಅಂದೆ.

ಹೆದರಬೇಡ, ಬಾ. ದಿನನಿತ್ಯ ಇದ್ಯಾವುದೂ ನಿನ್ನ ತಂಟೆಗೆ ಬರಲ್ಲ. ಸಿಮ್ ಮಾತ್ರ ನಿನ್ನ ಹೆಸರಲ್ಲೇ ತಗೋ, ಯಾರಿಗೂ ಬಿಟ್ಟುಕೊಡಬೇಡ. ಪೊಲೀಸರು ವಿಚಾರಣೆಗೆ ಕರೆದರೆ ಮೊದಲು ವಕೀಲರು ಬೇಕು ಅನ್ನು. ಭಾನುವಾರದವರೆಗೆ ಇಲ್ಲೇ ಇರ್ತೀನಿ. ಮೈಸೂರಿಂದ ಬೆಳಗಿನ ಟ್ರೈನ್ ಹತ್ತಿ ಬಂದುಬಿಡು, ಮಿಕ್ಕಿದ್ದು ಕೂತು ಮಾತಾಡೋಣ.