ಓದುಗರ ಪ್ರಶ್ನೆ: ಹಾಕ್ ಜೆಟ್ ಮಾಡೆಲ್‌ಗೆ ಎಷ್ಟು ಶಕ್ತಿಯ ಎಂಜಿನ್?

ಪ್ರಶ್ನೆ: ಐದಾರು ವರ್ಷದಿಂದ ಗ್ಲೋ ಎಂಜಿನ್ (ಮೆಥನಾಲ್‌ನಲ್ಲಿ ಓಡುವ ಸಣ್ಣ ಎಂಜಿನ್) ಮಾಡೆಲ್ ವಿಮಾನ ಹಾರಿಸುತ್ತಿದ್ದೇನೆ. ಸೂರ್ಯಕಿರಣ್ ತಂಡದ ಹಾಕ್ ವಿಮಾನವನ್ನು 5ರಲ್ಲಿ 1ರ ಅಳತೆಗೆ ಕಟ್ಟಿ, ನಿಜವಾದ ಟರ್ಬೈನ್ (ಪುಟ್ಟ ಜೆಟ್ ಎಂಜಿನ್) ಕೂರಿಸುವ ಆಸೆ. ಯಾವ ಎಂಜಿನ್ ತೆಗೆದುಕೊಳ್ಳಲಿ?
– ಓದುಗರೊಬ್ಬರು, ಸಿರುಗುಪ್ಪ

ಉತ್ತರ: ಎಲ್ಲರೂ ಎಂಜಿನ್ ಬಗ್ಗೆಯೇ ಕೇಳುತ್ತಾರೆ, ಎಣ್ಣೆ ಹರಿಯುವ ಪೈಪಿನ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಇರಲಿ, ಮೊದಲು ನಿಮ್ಮ ಲೆಕ್ಕ. ಹಾಕ್‌ನ ರೆಕ್ಕೆ ತುದಿಯಿಂದ ತುದಿಗೆ 9.94 ಮೀಟರ್. ನಿಮ್ಮದು ಹತ್ತಿರ ಹತ್ತಿರ 2 ಮೀಟರ್ ಆಗುತ್ತದೆ, ಎಣ್ಣೆ ಸೇರಿ 10-11 ಕೆ.ಜಿ. ತೂಗಬಹುದು. 100 ನ್ಯೂಟನ್, ಅಂದರೆ 10 ಕೆ.ಜಿ. ನೂಕುವ ಎಂಜಿನ್ ಸಾಕು ಅನ್ನಿಸುತ್ತದೆ. ಆದರೆ ಆ ಅಂಕಿ 15 ಡಿಗ್ರಿ ತಂಪಿನದು. ನಮ್ಮ ಬಳ್ಳಾರಿ ಬಿಸಿಲು ನಿಮಗೆ ಗೊತ್ತಲ್ಲ, 42 ಡಿಗ್ರಿಯಲ್ಲಿ ಗಾಳಿ ತೆಳುವಾಗಿ ಹತ್ತರಲ್ಲಿ ಒಂದು ಪಾಲು ಬಲ ಅಲ್ಲೇ ಹೋಗುತ್ತದೆ. 120 ನ್ಯೂಟನ್‌ನದ್ದು ನೋಡಿ.

ಈಗ ಪೈಪು. ನಿಮ್ಮ ಹತ್ತಿರ ಗ್ಲೋ ಎಂಜಿನ್‌ನ ಸಿಲಿಕೋನ್ ಪೈಪು ಉಳಿದಿರುತ್ತದೆ, ಅಲ್ವಾ? ನನ್ನಲ್ಲೂ ಉಳಿದಿತ್ತು. ಸುಮ್ನೆ ಯಾಕೆ ದಂಡ ಅಂತ ಮೊದಲ ಜೆಟ್‌ಗೆ ಅದನ್ನೇ ಹಾಕಿದೆ. ಗ್ಲೋ ಎಂಜಿನ್ ಕುಡಿಯುವ ಮೆಥನಾಲ್‌ಗೆ ಸಿಲಿಕೋನ್ ಏನೂ ಆಗುವುದಿಲ್ಲ. ಟರ್ಬೈನ್ ಕುಡಿಯುವ ಸೀಮೆಎಣ್ಣೆ, ಡೀಸೆಲ್ ತಾಗಿದರೆ ನೆನೆಸಿದ ಕಡಲೆ ಹಾಗೆ ಉಬ್ಬುತ್ತದೆ. ಮೂರನೇ ಹಾರಾಟದಲ್ಲಿ ಟ್ಯಾಂಕಿಗೂ ಪಂಪಿಗೂ ನಡುವಿನ ಜಾಯಿಂಟ್ ಸಡಿಲಾಯಿತು. ಅದು ಪಂಪು ಎಳೆದುಕೊಳ್ಳುವ ಕಡೆ. ಹಾಗಾಗಿ ಹನಿ ಎಣ್ಣೆಯೂ ಹೊರಗೆ ಸೋರಲಿಲ್ಲ, ಗಾಳಿ ಒಳಗೆ ಹೋಯಿತು. ನಿಮಿಷಕ್ಕೆ ಲಕ್ಷಕ್ಕಿಂತ ಜಾಸ್ತಿ ಸುತ್ತುವ ಎಂಜಿನ್, ಒಂದು ಗುಳ್ಳೆಗೆ ಆರಿಹೋಯಿತು. ವಿಮಾನ ಮೆಣಸಿನಕಾಯಿ ಹೊಲಕ್ಕೆ ಬಿತ್ತು. ಮುರಿದ ರೆಕ್ಕೆ ಕೈಗೆ ಕೊಡುತ್ತಾ ಹೊಲದ ಯಜಮಾನರು, "ಸಾಲು ನೋಡ್ಕೊಂಡು ಇಳಿಸಬಾರದೇನ್ರೀ?" ಅಂದರು.

ನೀವು ಡೀಸೆಲ್ ತಾಳುವ ಪೈಪನ್ನೇ ಹಾಕಿ, ಟ್ಯಾಂಕಿನ ಒಳಗೂ ಅದೇ. ಪ್ರತಿ ಜಾಯಿಂಟ್‌ಗೆ ಸಣ್ಣ ತಂತಿ ಸುತ್ತಿ ಬಿಗಿ ಮಾಡಿ. ಪಂಪಿನ ಮುಂಚೆ ಗುಳ್ಳೆ ಹಿಡಿಯುವ ಸಣ್ಣ ಟ್ಯಾಂಕ್ ಇರಲಿ. ಹಾರಿಸುವ ಮುಂಚೆ ಅದು ಬಾಯಿಮಟ್ಟ ತುಂಬಿದೆಯಾ ಅಂತ ಕಣ್ಣಾರೆ ನೋಡಿ. 5 ಲೀಟರ್ ಎಣ್ಣೆಗೆ 250 ಮಿ.ಲೀ. ಟರ್ಬೈನ್ ಆಯಿಲ್ ಬೆರೆಸಬೇಕು. ಒಳಗಿನ ಬೇರಿಂಗ್‌ಗೆ ಸಿಗುವ ಜಿಡ್ಡು ಅದೊಂದೇ, ಕಂಜೂಸು ಮಾಡಬೇಡಿ. ಗಾಳಿ ಎಳೆಯುವ ಬಾಯಿಗೆ ಜಾಲರಿ ಬೇಕೇ ಬೇಕು. ಸ್ಟಾರ್ಟ್ ಮಾಡುವ ಜಾಗಕ್ಕೆ ನಾನು ಅಂಗಳಕ್ಕೆ ಚಿಮುಕಿಸಿದ ಹಾಗೆ ಒಂದು ಕೊಡ ನೀರು ಹಾಕುತ್ತೇನೆ. ನಮ್ಮ ಕೆಂಪು ಧೂಳು ಜಾಲರಿಯಲ್ಲೂ ನುಸುಳುತ್ತದೆ.

ಪ್ರಶ್ನೆ: ಟರ್ಬೈನ್‌ಗೆ ಬೆಂಕಿ ಹತ್ತಿದರೆ ಆರಿಸಲು ಕಾರಿನಲ್ಲಿರುವ ಪುಡಿ ಸಿಲಿಂಡರ್ ನಡೆಯುತ್ತದೆಯೇ?
– ಇನ್ನೊಬ್ಬರು, ಗಂಗಾವತಿ

ಉತ್ತರ: ಬೆಂಕಿ ಆರುತ್ತದೆ, ಎಂಜಿನ್ನೂ ಹೋಗುತ್ತದೆ. ಪುಡಿ ಬೇರಿಂಗ್‌ವರೆಗೂ ಸೇರಿಕೊಳ್ಳುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ತನ್ನಿ.