ಉಗುರು ಕಪ್ಪಾಗಿದೆ, ಕೀಳಿಸಬೇಕೇ?

ಪ್ರಶ್ನೆ: ಹತ್ತು ದಿನಗಳ ಹಿಂದೆ ನನ್ನ ಎಂಟು ವರ್ಷದ ಮಗಳ ನಡುಬೆರಳು ಬಾಗಿಲ ಸಂದಿಗೆ ಸಿಕ್ಕಿ ಜಜ್ಜಿಹೋಯಿತು. ಕಾಫಿಪುಡಿ ಒತ್ತಿ ಬಟ್ಟೆ ಕಟ್ಟಿದೆವು. ಈಗ ನೋವು ಕಡಿಮೆಯಾಗಿದೆ, ಆದರೆ ಅರ್ಧ ಉಗುರು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿದೆ. ಕಾಯಿಸಿದ ಸೂಜಿಯಿಂದ ಚುಚ್ಚಿ ಕೆಟ್ಟ ರಕ್ತ ತೆಗೆಯಬೇಕೆಂದು ಅತ್ತೆಯವರೂ, ಉಗುರನ್ನೇ ಕೀಳಿಸಬೇಕೆಂದು ನೆರೆಯವರೂ ಹೇಳುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಎರಡೂ ಬೇಡ. ಉಗುರಿಗೂ ಅದರ ಕೆಳಗಿನ ಮೃದುವಾದ ಹಾಸಿಗೂ ನಡುವೆ ಸೋರಿದ ರಕ್ತಕ್ಕೆ ಹೊರಬರಲು ದಾರಿಯಿಲ್ಲದೆ ಒತ್ತಡ ಏರುವುದರಿಂದಲೇ ಮೊದಲ ರಾತ್ರಿ ಬೆರಳು ಪಟಪಟನೆ ಸಿಡಿಯುತ್ತದೆ. ನೋವು ತಡೆಯಲಾರದಷ್ಟಿದ್ದರೆ, ಪೆಟ್ಟು ಬಿದ್ದ ಒಂದೆರಡು ದಿನಗಳೊಳಗೆ ವೈದ್ಯರು ಉಗುರಿಗೆ ಸಣ್ಣ ರಂಧ್ರ ಮಾಡಿ ಆ ರಕ್ತವನ್ನು ಹೊರಬಿಡುವುದುಂಟು. ಹೀಗಾಗಿ ಅತ್ತೆಯವರ ಮಾತು ತೀರ ಬುಡವಿಲ್ಲದ್ದೇನಲ್ಲ. ಆದರೆ ಈಗ ರಕ್ತ ಹೆಪ್ಪುಗಟ್ಟಿದೆ, ನೋವೂ ಇಳಿದಿದೆ, ಚುಚ್ಚಿದರೆ ಒಳಗೆ ಹೋಗುವುದು ಸೋಂಕು ಮಾತ್ರ.

ಕಪ್ಪು ಬಣ್ಣಕ್ಕಿಂತ ನನಗೆ ಹೆಚ್ಚು ಯೋಚನೆ ಮೂಳೆಯದು. ಎಕ್ಸ್-ರೇ ತೆಗೆಸಿದ್ದನ್ನು ನೀವು ಬರೆದಿಲ್ಲ. ಮಕ್ಕಳಲ್ಲಿ ಬೆರಳ ತುದಿಯ ಮೂಳೆ ಬೆಳೆಯುವ ಜಾಗ ಉಗುರಿನ ಬುಡದ ಬಳಿಯಲ್ಲೇ ಇರುವುದರಿಂದ, ಅಲ್ಲಿ ಮುರಿದು ಉಗುರಿನ ಬುಡ ಚರ್ಮದ ಮಡಿಕೆಯಿಂದ ಮೇಲೆದ್ದಿದ್ದರೆ ಅದನ್ನು ತೆರೆದ ಮುರಿತವೆಂದೇ, ಅಂದರೆ ಗಾಯದ ಮೂಲಕ ಹೊರಗಿನ ಸೋಂಕು ಮೂಳೆಗೆ ತಲುಪಬಹುದಾದ ಮುರಿತವೆಂದೇ, ಪರಿಗಣಿಸಿ ಚಿಕಿತ್ಸೆ ಮಾಡಬೇಕಾಗುತ್ತದೆ. ಮಗಳ ಅಂಗೈಯನ್ನು ಮೇಜಿನ ಮೇಲಿರಿಸಿ ಬೆರಳನ್ನು ನೇರ ಮಾಡಲು ಹೇಳಿ. ತುದಿಯ ಗೆಣ್ಣು ತಾನಾಗಿ ನೇರವಾಗದೆ ಕೆಳಕ್ಕೆ ಜೋತರೆ ಅಲ್ಲಿನ ಸ್ನಾಯುರಜ್ಜುವಿಗೆ (ಸ್ನಾಯುವನ್ನು ಮೂಳೆಗೆ ಜೋಡಿಸುವ ಗಟ್ಟಿ ಎಳೆಗೆ) ಅಥವಾ ಮೂಳೆಗೆ ಪೆಟ್ಟಾಗಿರಬಹುದು. ಅಂಥ ಬೆರಳಿಗೆ ಸಾಮಾನ್ಯವಾಗಿ ಹಲವು ವಾರ ಬಿಡದೆ ಪಟ್ಟಿ ಕಟ್ಟಿ ನೇರವಾಗಿಡಬೇಕಾಗುತ್ತದೆ, ನಡುವೆ ಸ್ನಾನಕ್ಕೆಂದು ಬಿಚ್ಚಿ ಮಡಿಸುವಂತಿಲ್ಲ. ಈ ಲಕ್ಷಣಗಳಿಲ್ಲದಿದ್ದರೂ ಒಮ್ಮೆ ಮೂಳೆ ತಜ್ಞರಿಗೆ ತೋರಿಸಿ ಎಕ್ಸ್-ರೇ ತೆಗೆಸಿ. ಕೀವು, ಕೆಂಪು, ಜ್ವರ ಕಂಡರೆ ಅಂದೇ ಹೋಗಿ. ಚರ್ಮ ಹರಿದಿದ್ದರೆ ಧನುರ್ವಾಯು ಲಸಿಕೆಯ ವಿಚಾರವನ್ನೂ ಕೇಳಿ.

ಉಗುರು ತಾನಾಗಿ ಸಡಿಲವಾದರೂ ಎಳೆಯಬೇಡಿ. ಹೊಸದು ಬರುವವರೆಗೆ ಕೆಳಗಿನ ಮೃದುವಾದ ಭಾಗಕ್ಕೆ ಅದೇ ಹೊದಿಕೆ. ಬಟ್ಟೆಗೆ ಸಿಕ್ಕುವ ಅಂಚನ್ನಷ್ಟೇ ಕತ್ತರಿಸಿ ಪ್ಲಾಸ್ಟರ್ ಹಚ್ಚಿ. ಕೈಬೆರಳ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಪೂರ್ತಿ ಹೊಸದಾಗಲು ಆರು ತಿಂಗಳವರೆಗೂ ಹಿಡಿಯಬಹುದು. ಕಾಫಿಪುಡಿಯನ್ನು ಮಾತ್ರ ಇನ್ನು ಮುಂದೆ ಲೋಟಕ್ಕೇ ಬಿಡಿ: ಗಾಯದ ಆಳ ನೋಡಲು ವೈದ್ಯರು ಅದನ್ನೆಲ್ಲ ಉಜ್ಜಿ ತೊಳೆಯುವಾಗ ಮಗುವಿಗೆ ಮತ್ತೊಮ್ಮೆ ನೋವು. ಹರಿಯುವ ನೀರಿನಲ್ಲಿ ತೊಳೆದು, ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು, ಕೈಯನ್ನು ಎತ್ತರದಲ್ಲಿಟ್ಟರೆ ಸಾಕು. ಉಂಗುರವಿದ್ದರೆ ಊತ ಬರುವ ಮೊದಲೇ ತೆಗೆಯಿರಿ.

ಇಂದೇ ಕಲೆಯ ಫೋಟೋ ತೆಗೆದಿಟ್ಟು ತಿಂಗಳಿಗೊಮ್ಮೆ ಹೋಲಿಸಿ. ಉಗುರು ಬೆಳೆದಂತೆ ಅದು ತುದಿಯತ್ತ ಸರಿಯಬೇಕು. ಇದ್ದಲ್ಲೇ ನಿಂತರೆ ಚರ್ಮ ವೈದ್ಯರಿಗೆ ತೋರಿಸಿ.