ಬೆಳಕು ಇತ್ತು, ಸಾಗಲು ದಾರಿ ಇರಲಿಲ್ಲ

ಪ್ರಶ್ನೆ: ಮಹಾಸ್ಫೋಟದ ನಂತರ 3,80,000 ವರ್ಷ ಬೆಳಕೇ ಇರಲಿಲ್ಲವಂತೆ. ಹಾಗಾದರೆ ಆಮೇಲೆ ಅದು ಎಲ್ಲಿಂದ ಹುಟ್ಟಿತು?

ಉತ್ತರ: ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ತಪ್ಪು ಕೇಳಿದವರದಲ್ಲ, ಬೆಳಕು ತಡವಾಗಿ ಹುಟ್ಟಿತೆಂದು ಪರಿಶೀಲಿಸದೆ ಬರೆಯುವವರದು. ಆರಂಭದ ವಿಶ್ವದಲ್ಲಿ ಬೆಳಕಿಗೆ ಬರವೇ ಇರಲಿಲ್ಲ. ಒಂದೊಂದು ಪ್ರೋಟಾನಿಗೆ ನೂರು ಕೋಟಿಗೂ ಮಿಕ್ಕಿ ಫೋಟಾನುಗಳು, ಅಂದರೆ ಬೆಳಕಿನ ಕಣಗಳು, ಇದ್ದವು. ಆದರೆ ಯಾವ ಪರಮಾಣುವಿಗೂ ಸೇರದ ಎಲೆಕ್ಟ್ರಾನುಗಳು ಅವನ್ನು ಹೆಜ್ಜೆಹೆಜ್ಜೆಗೂ ಚದುರಿಸುತ್ತಿದ್ದುದರಿಂದ ಅವು ನೇರವಾಗಿ ಸಾಗುವಂತಿರಲಿಲ್ಲ. ಅಂದಿನ ವಿಶ್ವ ಕತ್ತಲಾಗಿರಲಿಲ್ಲ, ಅಪಾರದರ್ಶಕವಾಗಿತ್ತು. ನೀವು ಹೇಳಿದ 3,80,000 ವರ್ಷಗಳ ಹೊತ್ತಿಗೆ ಉಷ್ಣತೆ ಸುಮಾರು 3,000 ಕೆಲ್ವಿನ್‌ಗೆ ಇಳಿದಾಗ ಎಲೆಕ್ಟ್ರಾನುಗಳು ಪ್ರೋಟಾನುಗಳೊಡನೆ ಕೂಡಿ ಹೈಡ್ರೋಜನ್ ಆದವು, ಬೆಳಕಿಗೆ ದಾರಿ ತೆರೆಯಿತು.

ಹೈಡ್ರೋಜನ್ನಿನಿಂದ ಎಲೆಕ್ಟ್ರಾನನ್ನು ಕೀಳಲು 13.6 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬೇಕು, 3,000 ಕೆಲ್ವಿನ್‌ನಲ್ಲಿ ಫೋಟಾನಿನ ಸರಾಸರಿ ಶಕ್ತಿ ಒಂದು ಎಲೆಕ್ಟ್ರಾನ್‌ವೋಲ್ಟನ್ನೂ ಮುಟ್ಟುವುದಿಲ್ಲ. ವಿಶ್ವ ಅಷ್ಟು ತಣಿಯುವವರೆಗೂ ಪರಮಾಣುಗಳು ಉಳಿಯದಿರಲು ಮುಖ್ಯ ಕಾರಣ ಆ ಸಂಖ್ಯಾಬಲವೇ: ಫೋಟಾನುಗಳು ಅಷ್ಟೊಂದಿದ್ದಾಗ, ಅವುಗಳಲ್ಲಿ ಅತಿ ಹೆಚ್ಚು ಶಕ್ತಿಯ ಅತ್ಯಲ್ಪ ಪಾಲು ಕೂಡ ಆಗತಾನೇ ಕೂಡಿದ ಪರಮಾಣುಗಳನ್ನು ಒಡೆಯಲು ಸಾಕಾಗುತ್ತಿತ್ತು. ಜನಪ್ರಿಯ ಬರಹಗಳು ಬಿಟ್ಟುಬಿಡುವ ಈ ಅಂಶವೇ ನನಗೆ ಇಡೀ ಕಥೆಯಲ್ಲಿ ಅತ್ಯಂತ ಸುಂದರವಾಗಿ ಕಾಣುತ್ತದೆ.

ಹೀಗೆ ಬಿಡುಗಡೆಯಾದ ಬೆಳಕಿನ ತರಂಗಾಂತರ ವಿಶ್ವದೊಂದಿಗೆ ಸುಮಾರು 1,100 ಪಟ್ಟು ಹಿಗ್ಗಿ, ಇಂದು 2.725 ಕೆಲ್ವಿನ್‌ನ ಸೂಕ್ಷ್ಮತರಂಗವಾಗಿ ನಮ್ಮನ್ನು ತಲುಪುತ್ತಿದೆ. ಅಮೆರಿಕದ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ರೇಡಿಯೋ ಖಗೋಳವಿಜ್ಞಾನಿಗಳಾದ ಪೆಂಜಿಯಾಸ್ ಮತ್ತು ವಿಲ್ಸನ್ 1964ರಲ್ಲಿ, ಆಂಟೆನಾದೊಳಗಿನ ಪಾರಿವಾಳದ ಹಿಕ್ಕೆಯನ್ನು ತೊಳೆದರೂ ಹೋಗದ ಗದ್ದಲವಾಗಿ ಎದುರಿಸಿದ್ದು ಇದನ್ನೇ.

ನಿಜವಾದ ಕತ್ತಲು ಬಂದದ್ದು ಬಿಡುಗಡೆಯ ನಂತರ. ಆ ಬೆಳಕು ಕಣ್ಣಿಗೆ ಕಾಣದ ಅವಕೆಂಪಿಗೆ ಜಾರಿತ್ತು, ನಕ್ಷತ್ರಗಳಿನ್ನೂ ಹುಟ್ಟಿರಲಿಲ್ಲ. ಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್ನಿನ ರೇಡಿಯೋ ಸಂಕೇತ ಸಿಕ್ಕಿತೆಂದು 2018ರಲ್ಲಿ ಅಮೆರಿಕದ ತಂಡವೊಂದು ಪ್ರಕಟಿಸಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ದಂಡಿಗನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ‘ಸರಸ್’ ರೇಡಿಯೋ ದೂರದರ್ಶಕವನ್ನು ತೇಲಿಬಿಟ್ಟು ಅಳೆದಾಗ ಆ ಸಂಕೇತ ಕಾಣಲಿಲ್ಲ. ಅವರ ಫಲಿತಾಂಶ 2022ರಲ್ಲಿ ಪ್ರಕಟವಾಗಿದೆ. ಮೊದಲ ಘೋಷಣೆಯನ್ನು ಮಾತ್ರ ಹಂಚುತ್ತಿರುವವರು ಇದನ್ನೂ ಓದಬೇಕು.

ಪ್ರಶ್ನೆ: ಮಹಾಸ್ಫೋಟ ನಡೆದ ಜಾಗ ಯಾವ ದಿಕ್ಕಿನಲ್ಲಿದೆ?

ಉತ್ತರ: ಯಾವ ದಿಕ್ಕಿನಲ್ಲೂ ಇಲ್ಲ, ಅದು ಎಲ್ಲೆಡೆಯೂ ನಡೆಯಿತು.

ಪ್ರಶ್ನೆ: ಮಹಾಸ್ಫೋಟದಿಂದ ಉಳಿದ ಈ ಸೂಕ್ಷ್ಮತರಂಗ ವಿಕಿರಣವನ್ನು ಹೀರಿ ರೋಗ ವಾಸಿಮಾಡುವ ತಾಮ್ರದ ಪಿರಮಿಡ್ ಕೊಳ್ಳಬಹುದೇ?

ಉತ್ತರ: ಖಂಡಿತ ಬೇಡ. ಸುಮಾರು 310 ಕೆಲ್ವಿನ್‌ನಲ್ಲಿರುವ ನಿಮ್ಮ ದೇಹವೇ ಈ ವಿಕಿರಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಶಕ್ತಿಯನ್ನು ಹೊರಸೂಸುತ್ತಿರುತ್ತದೆ. ಇಂಥದ್ದನ್ನು ಮಾರುವವರು ಅನಾರೋಗ್ಯಪೀಡಿತರ ಆತಂಕವನ್ನೇ ಬಂಡವಾಳ ಮಾಡಿಕೊಂಡ ವಂಚಕರು. ಅವರ ಮಾತು ನಂಬಿ ಮಾತ್ರೆ ಬಿಟ್ಟಿದ್ದರೆ ಇಂದೇ ನಿಮ್ಮ ವೈದ್ಯರನ್ನು ಕಾಣಿರಿ.